ಕುಬೇರಪ್ಪನ ಕ್ಯಾಸೆಟ್ಟು

ತಪ್ಪೆಲ್ಲ ಆ ಆರು ಹೊಸ ಸೆಲ್ಲುಗಳದ್ದೇ ಎಂದು ಶಂಭುಲಿಂಗಪ್ಪ ಆಮೇಲೆ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ. ಅವನ್ನು ತರದೇ ಇದ್ದಿದ್ದರೆ ಟೇಪ್‌ರೆಕಾರ್ಡರು ಬಾಯಿ ಬಿಡುತ್ತಿರಲಿಲ್ಲ. ಅದು ಬಾಯಿ ಬಿಡದೇ ಇದ್ದಿದ್ದರೆ ಬಂದವರು ಹೋಳಿಗೆ ಉಂಡು, ಎಲೆಅಡಿಕೆ ಹಾಕಿಕೊಂಡು, ಸತ್ತವನನ್ನು ನಾಲ್ಕು ಮಾತು ಹೊಗಳಿ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು.

ಎಂಬತ್ತೇಳನೆಯ ಇಸವಿಯ ಜನವರಿ. ತಿರ್ಲಾಪುರದ ಹೊಲಗಳಲ್ಲಿ ಹತ್ತಿ ಒಡೆದು ಬೆಳ್ಳಗೆ ನಿಂತಿತ್ತು. ಶಂಭುಲಿಂಗಪ್ಪನ ತಂದೆ ಕುಬೇರಪ್ಪ ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷ. ಕುಬೇರಪ್ಪ ಅಂದರೆ ಸುತ್ತಿನ ಊರುಗಳಿಗೆಲ್ಲ ಭಜನೆಯ ಕುಬೇರಪ್ಪ. ದನಿ ಎಷ್ಟು ಆಳ ಎಂದರೆ, ಮಠದ ಕಟ್ಟೆಯ ಮೇಲೆ ಕೂತು ಅವನು ಪದ ಎತ್ತಿಕೊಂಡರೆ ಕಾಳು ತುಂಬುವ ನೆಲದಡಿಯ ಹಗೇವಿನೊಳಗೆ ಇಳಿದ ಮನುಷ್ಯ ಕೆಳಗಿನಿಂದಲೇ ಹಾಡಿದ ಹಾಗೆ ಕೇಳುತ್ತಿತ್ತು. ಹಸುಗೂಸುಗಳು ಮೊದಲು ಹೆದರಿ, ಆಮೇಲೆ ಅದೇ ದನಿಗೆ ನಿದ್ದೆ ಹೋಗುತ್ತಿದ್ದವು.

ಮೂರು ವರ್ಷದ ಹಿಂದೆ ಶಂಭುಲಿಂಗಪ್ಪ ಹುಬ್ಬಳ್ಳಿಯಿಂದ ಟೇಪ್‌ರೆಕಾರ್ಡರು ತಂದವನೇ ತಂದೆಯನ್ನು ಪಡಸಾಲೆಯ ಗೋಡೆಗಡಿಯಾರದ ಕೆಳಗೆ ಕೂಡಿಸಿ, ಅವನಿಗೆ ಪ್ರೀತಿಯಾದ 'ಗುಂಡಿ ಇಲ್ಲದ ಅಂಗಿ' ಎಂಬ ತತ್ವಪದ ಹಾಡಿಸಿ ತುಂಬಿಕೊಂಡಿದ್ದ. ಕ್ಯಾಸೆಟ್ಟಿನ ಮೇಲೆ 'ಅಪ್ಪನ ಪದ' ಎಂದು ತನ್ನ ಕೈಯಾರೆ ಬರೆದು ಟ್ರಂಕಿನಲ್ಲಿ ಇಟ್ಟ. ಅವನ ಲೆಕ್ಕದಲ್ಲಿ ಇಟ್ಟಿದ್ದು ಇಟ್ಟ ಹಾಗೇ ಇತ್ತು. ಹಾಡುವ ಮನುಷ್ಯನೇ ದಿನಾ ಮುಂಜಾನೆ ಪಡಸಾಲೆಯಲ್ಲಿ ಕೂತಿರುವಾಗ ಡಬ್ಬಿಯೊಳಗಿನ ಮನುಷ್ಯ ಯಾರಿಗೆ ಬೇಕು. ಅವನು ಹೋದ ಮೇಲೆ ಅದನ್ನು ಹಚ್ಚಿ ಕೇಳಲು ಮಗನಿಗೆ ಧೈರ್ಯ ಸಾಲಲಿಲ್ಲ.

ಆದರೆ ಹದಿನೈದು ದಿನದ ಹಿಂದೆ ಒಂದು ಸಂಗತಿ ಆಯಿತು. ಶಂಭುಲಿಂಗಪ್ಪ ನವಲಗುಂದದ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ತೂಗುವ ಕೆಲಸದವನು. ಹತ್ತಿ ತುಂಬಿದ ಅಂಡಿಗೆಯೊಂದನ್ನು ತಕ್ಕಡಿಗೆ ಏರಿಸುತ್ತ ಅಪ್ಪನ ಪದ ಗುನುಗಲು ಹೋದ. ಮಾತು ನೆನಪಾದವು, ಧಾಟಿ ನೆನಪಾಯಿತು, ದನಿ ಮಾತ್ರ ನೆನಪಾಗಲಿಲ್ಲ. ಅಪ್ಪನ ಮುಖ ಕಣ್ಣ ಮುಂದೆ ಬಂದು ಬಾಯಿ ಆಡಿಸಿತು, ಸಪ್ಪಳವೇ ಇಲ್ಲ. ಒಂದೇ ವರ್ಷಕ್ಕೆ ಹೀಗಾದರೆ ಹತ್ತು ವರ್ಷಕ್ಕೆ ತನ್ನ ಹತ್ತಿರ ಅಪ್ಪನದು ಏನು ಉಳಿಯುತ್ತದೆ ಎಂದು ಹೆದರಿದ. ಅವತ್ತೇ ನಿರ್ಧಾರ ಮಾಡಿ, ವರ್ಷದ ದಿನ ಸಂಜೆ ಕುಬೇರಪ್ಪನೇ ಬಂದು ಹಾಡುತ್ತಾನೆ ಎಂದು ಊರಿಗೆಲ್ಲ ಹೇಳಿಬಿಟ್ಟ.

ಹೇಳಿದ್ದಾಯಿತು. ಆ ದಿನ ಪೂಜೆ ಮುಗಿದ ಮೇಲೆ, ಸಂಜೆಗೆ ಮೊದಲು ಒಮ್ಮೆ ಹಚ್ಚಿ ನೋಡೋಣ ಎಂದು ಪಡಸಾಲೆಯಲ್ಲಿ ಟೇಪು ತಂದಿಟ್ಟ. ಕರೆಂಟು ಎಂದಿನಂತೆ ಮುಂಜಾನೆಯೇ ಹೋಗಿತ್ತು. ಹೊಸ ಸೆಲ್ಲು ಹಾಕಿದ. ಪಡಸಾಲೆಯಲ್ಲಿ ಆಗ ಇಬ್ಬರಿದ್ದರು. ಒಬ್ಬ ಕುಬೇರಪ್ಪನ ತಮ್ಮ ಶಂಕ್ರಪ್ಪ, ಅಂದರೆ ಶಂಭುಲಿಂಗಪ್ಪನ ಕಾಕಾ. ಕಲಘಟಗಿ ಕಡೆಯ ತಂಬೂರದಿಂದ ಹಿಂದಿನ ದಿನ ಬಂದಿದ್ದ. ಮರುದಿನ ಅವನ ಭತ್ತದ ಒಕ್ಕಲಿ ಇದ್ದುದರಿಂದ ಸಂಜೆ ಆರೂವರೆಯ ಬಸ್ಸು ಹಿಡಿಯಲೇಬೇಕು ಎಂದು ಎದ್ದಾಗಿನಿಂದ ನಾಲ್ಕು ಸಲ ಹೇಳಿದ್ದ. ಇನ್ನೊಬ್ಬ ಮುದುಕ ಅಂದಾನೆಪ್ಪ, ನಲವತ್ತು ವರ್ಷ ಕುಬೇರಪ್ಪನ ಬಾಜು ಕೂತು ತಾಳ ಹಾಕಿದವನು.

ಗುಂಡಿ ಒತ್ತಿದ. ಮೊದಲು ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಆಮೇಲೆ ಪದ ಎದ್ದಿತು.

"ಗುಂಡಿ ಇಲ್ಲದ ಅಂಗಿ ತೊಡಿಸಿದ್ಯಾ ಗುರುವೇ, ಗಾಳಿ ಬಂದಾಗ ಏನ ಹಿಡಿಲಿ..."

ಪದ ಅದೇ, ಧಾಟಿ ಅದೇ, 'ಗಾಳಿ' ಎನ್ನುವಲ್ಲಿ ಎಳೆಯುವ ಎಳೆತವೂ ಅದೇ. ದನಿ ಮಾತ್ರ ಸಣ್ಣಗೆ, ನುಣ್ಣಗೆ, ಜರಡಿಯಿಂದ ಸೋಸಿದ ಹಾಗೆ ಬರುತ್ತಿತ್ತು.

ಅಂದಾನೆಪ್ಪ ಕಿವಿಯನ್ನು ಟೇಪಿನ ಹತ್ತಿರ ತಂದ. "ಶಂಭೂ, ನಿಮ್ಮಪ್ಪಗ ಮೀಸಿ ಬರೂ ಮೊದಲ ತುಂಬಿದ್ದೇನೋ ಇದು?"

"ಇಲ್ಲಜ್ಜ, ಮೂರ ವರ್ಷದ ಹಿಂದ," ಎಂದ ಶಂಭುಲಿಂಗಪ್ಪ.

ಶಂಕ್ರಪ್ಪ ಕಾಕಾ ಎರಡು ಸಾಲು ಕೇಳಿ ಗುಂಡಿ ಒತ್ತಿ ನಿಲ್ಲಿಸಿದ. ಅವನಿಗೆ ಯಾವ ವಿಷಯದಲ್ಲೂ ಎರಡು ಸಾಲಿಗಿಂತ ಹೆಚ್ಚು ಕೇಳುವ ಅಭ್ಯಾಸ ಇರಲಿಲ್ಲ. "ಮಸಿನಿ ಜೋರ ಓಡಾಕತ್ತೈತಿ. ಹೊಸಾ ಸೆಲ್ ಹಾಕೀದಿ ಹೌದಿಲ್ಲೋ? ಸೆಲ್ ಸತ್ತರ ಹಾಡು ಮಂದ ಆಗಿ ದನಿ ದಪ್ಪ ಆಗತೈತಿ, ನಮ್ಮೂರ ಚಾದಂಗಡ್ಯಾಗ ದಿನಾ ಕೇಳತೀನಿ. ಸೆಲ್‌ಗೆ ಸೊಕ್ಕ ಬಂದ್ರ ದನಿ ಸಣ್ಣ ಆಗಲಾರದ ಏನಾಗತೈತಿ?"

ಆಗಲೇ ಅಡುಗೆಮನೆಯಿಂದ ರೇವವ್ವ ಬಾಗಿಲಿಗೆ ಬಂದಳು. ಶಂಭುಲಿಂಗಪ್ಪನ ತಾಯಿ. ಕೈಗೆಲ್ಲ ಕಣಕ ಮೆತ್ತಿತ್ತು. "ತಮ್ಮಾ, ಆ ಕ್ಯಾಸೆಟ್ಟು..." ಎಂದಳು.

"ವೈನಿ, ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದು ಶಂಕ್ರಪ್ಪ ಕಾಕಾ ಕೈ ಎತ್ತಿದ. "ಸಂಜಿಯೊಳಗ ಅಣ್ಣನ ದನಿ ಬರೋಬರಿ ಮಾಡಿ ಕೇಳಸ್ತೀವಿ. ಒಲಿ ಮ್ಯಾಲ ಹೂರಣ ಐತಿ, ನೋಡ್ರಿ ಹೋಗ್ರಿ."

ರೇವವ್ವ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಒಳಗೆ ಹೋದಳು. ಅವಳ ಭುಜ ಅಲುಗುತ್ತಿತ್ತು.

"ಪಾಪ, ತಡಕೊಳ್ಳಾಕ ಆಗಲಿಲ್ಲ," ಎಂದ ಅಂದಾನೆಪ್ಪ.

ಹೊಸ ಸೆಲ್ಲು ತಪ್ಪೆಂದ ಮೇಲೆ ಹಳೆಯವು ಬೇಕಲ್ಲ. ಶಂಭುಲಿಂಗಪ್ಪ ಓಣಿಗೆ ಇಳಿದ. ಕೈಯಲ್ಲಿ ಚೀಲ, ಹಣೆಯಲ್ಲಿ ಹೊಸ ವಿಭೂತಿ, ಮನೆ ಮನೆಗೆ ನಿಂತು ಒಂದೇ ಪ್ರಶ್ನೆ: "ನಿಮ್ಮನ್ಯಾಗ ಸತ್ತ ಸೆಲ್ ಅದಾವೇನ್ರಿ? ಪೂರ್ತಿ ಸತ್ತಿರಬಾರದು. ಅರ್ಧಾ ಸತ್ತಿರಬೇಕು." ಹೊಸ ಸೆಲ್ಲು ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ. ಸತ್ತದ್ದು ಕೇಳಿದರೆ ಇಡೀ ಓಣಿಯೇ ಧಾರಾಳವಾಯಿತು. ತಂದೆಯ ವರ್ಷದ ದಿನ ಹೀಗೆ ಸತ್ತದ್ದು ಹುಡುಕುತ್ತ ತಿರುಗುವವನನ್ನು ನೋಡಿ ಇಬ್ಬರು ಮುದುಕಿಯರು, ಚಿಂತೆ ಬಹಳ ಹಚ್ಚಿಕೊಂಡಿದ್ದಾನೆ ಎಂದು ತಮ್ಮೊಳಗೇ ಮರುಗಿದರು.

ಎದುರುಮನೆಯ ಫಕೀರವ್ವ ತನ್ನ ಬ್ಯಾಟರಿಯನ್ನೇ ಹಿಡಿದುಕೊಂಡು ಬಂದಳು. ಗುಂಡಿ ಸರಿಸಿದರೆ ಗಾಜಿನ ಹಿಂದೆ ಬೀಡಿಯ ಕಿಡಿಯಷ್ಟು ಕೆಂಪು ಕಂಡಿತು. "ಇದನ್ನ ಹಚ್ಚಿದ್ರ ಇದು ಎಲ್ಲೈತಿ ಅಂತ ಹುಡುಕಾಕ ಇನ್ನೊಂದ ಬ್ಯಾಟರಿ ಬೇಕ್ರಿ ಶಂಭಣ್ಣಾ. ಇಷ್ಟ ಸತ್ತಿದ್ರ ಸಾಕಾ?"

ಆರು ಸೆಲ್ಲು ಕೂಡಿದವು. ಒಂದೊಂದು ಒಂದೊಂದು ಮನೆಯದು, ಒಂದೊಂದಕ್ಕೆ ಒಂದೊಂದು ಆಯುಷ್ಯ. ಹಾಕಿ ಹಚ್ಚಿದರೆ ಟೇಪು ಕುಡಿದವನ ನಡಿಗೆ ಹಿಡಿಯಿತು. 'ಗುಂಡಿ' ಎನ್ನುವಾಗ ಹುಡುಗಿಯ ದನಿ, 'ಅಂಗಿ' ಎನ್ನುವಾಗ ಗಂಡಸಿನ ದನಿ, 'ಗುರುವೇ' ಎನ್ನುವಷ್ಟರಲ್ಲಿ ಮುಪ್ಪು ಬಂದು ಗಂಟಲಲ್ಲಿ ಕಫ ಕಟ್ಟಿತು. ಮರುಸಾಲಿಗೆ ಮತ್ತೆ ಹುಡುಗಿ. ಆದರೆ ನಡುವೆ 'ಗಾಳಿ' ಎಂಬ ಒಂದೇ ಶಬ್ದಕ್ಕೆ ಟೇಪಿನಿಂದ ದಪ್ಪನೆಯ, ಆಳದ, ಹಗೇವಿನ ದನಿಯೊಂದು ಎದ್ದು ಬಂತು. ಅಂದಾನೆಪ್ಪ ಕೂತಲ್ಲೇ ನೆಟ್ಟಗಾದ.

"ಅಲ್ಲೇ ನೋಡು. ಆ ಗಾಳಿ ಕುಬೇರಪ್ಪಂದ. ನಲವತ್ತ ವರ್ಷ ಕೇಳೀನಿ, ನಾ ಮರೀತೀನೇನು?"

ಅಪ್ಪ ಒಳಗಿದ್ದಾನೆ. ಒಂದು ಶಬ್ದದಷ್ಟು ಹೊರಗೆ ಬಂದು ಮತ್ತೆ ಒಳಗೆ ಹೋಗಿದ್ದಾನೆ. ಅವನನ್ನು ಪೂರ್ತಿ ಹೊರಗೆ ತರುವುದಷ್ಟೇ ಉಳಿದದ್ದು. ಶಂಭುಲಿಂಗಪ್ಪ ಚಪ್ಪಲಿ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದ.

ಬಸ್‌ಸ್ಟ್ಯಾಂಡಿನ ಬಾಜು ಮಶಾಕಸಾಬನ ಅಂಗಡಿ. ರೇಡಿಯೋ, ಟೇಪು, ಸ್ಟೋವು, ಮದುವೆಯ ಲೌಡ್‌ಸ್ಪೀಕರು, ಯಾವುದು ಕೆಟ್ಟರೂ ಊರಿಗೆ ಅವನೊಬ್ಬನೇ. ಮಾತು ಕಡಿಮೆ. ಬಂದು ಕೂತು ಟೇಪಿನ ಬೆನ್ನು ಬಿಚ್ಚಿದ. ಸತ್ತ ಸೆಲ್ಲುಗಳನ್ನು ಮುಟ್ಟಲೂ ಅಸಹ್ಯಪಟ್ಟು ತೆಗೆದಿಟ್ಟು ಹೊಸವನ್ನು ಹಾಕಿದ. ಚಕ್ರ ನೋಡಿದ, ಪಟ್ಟಿ ನೋಡಿದ, ಮೋಟರಿಗೆ ಕಿವಿ ಕೊಟ್ಟ. "ಏನೂ ಆಗಿಲ್ಲಲ್ರಿ," ಎಂದ.

ಆಗ ಶಂಭುಲಿಂಗಪ್ಪನಿಗೆ ತನ್ನ ಜನ್ಮದಲ್ಲೇ ಒಳ್ಳೆಯದಾದ ಒಂದು ಯುಕ್ತಿ ಹೊಳೆಯಿತು. ಕ್ಯಾಸೆಟ್ಟಿನೊಳಗೆ ಗಡಿಯಾರದ ಟಿಕ್ ಟಿಕ್ ಇದೆ. ಅದೇ ಗಡಿಯಾರ ಇವತ್ತೂ ಗೋಡೆಯ ಮೇಲಿದೆ. ಎರಡನ್ನೂ ಎಣಿಸಿದರೆ ಟೇಪು ಎಷ್ಟು ಜೋರು ಓಡುತ್ತದೆ ಎಂದು ತೂಗಿ ಹೇಳಿದ ಹಾಗೆ ಗೊತ್ತಾಗುತ್ತದೆ. ಮಶಾಕಸಾಬ ಕೂಡ ತಲೆ ಎತ್ತಿ ಅವನನ್ನು ಮೆಚ್ಚುಗೆಯಿಂದ ನೋಡಿದ. ಶಂಕ್ರಪ್ಪ ಕಾಕಾ ಗೋಡೆಯ ಗಡಿಯಾರ ಎಣಿಸುವುದು, ಮಶಾಕಸಾಬ ಟೇಪಿನದು ಎಣಿಸುವುದು ಎಂದಾಯಿತು. ಅಂದಾನೆಪ್ಪ ತಾಳ ಬಡಿದ ಕೂಡಲೇ ಶುರು. ಇಬ್ಬರೂ ಬೆರಳು ಮಡಚುತ್ತ, ತುಟಿ ಆಡಿಸುತ್ತ ಹೋಗಿ ಒಂದೇ ಉಸಿರಿಗೆ "ನೂರು" ಎಂದರು.

"ಟೇಪ ಅಗದಿ ಬರೋಬರಿ ಐತ್ರಿ," ಎಂದ ಮಶಾಕಸಾಬ. "ಒಂದ ಕೂದಲೆಳಿ ಫರಕಿಲ್ಲ."

ಅಂದಾನೆಪ್ಪ ತಾಳ ಕೆಳಗಿಟ್ಟ.

"ಹಂಗಂದ್ರ ನಮ್ಮಣ್ಣ ಹೆಂಗಸೇನು?" ಎಂದ ಶಂಕ್ರಪ್ಪ ಕಾಕಾ.

"ನಾ ಹಂಗ ಅಂದಿಲ್ಲರಿ. ಮಸಿನಿ ಅಂತೈತಿ."

ಶಂಭುಲಿಂಗಪ್ಪ ಗಡಿಯಾರವನ್ನೇ ನೋಡುತ್ತ ನಿಂತಿದ್ದ. ಹದಿನೆಂಟು ವರ್ಷ ತಕ್ಕಡಿಯ ಮುಂದೆ ನಿಂತವನು ಹೇಗೆ ಯೋಚನೆ ಮಾಡುತ್ತಾನೋ ಹಾಗೇ ಮಾಡಿದ. "ಇಲ್ಲಿ ಕೇಳ್ರಿ," ಎಂದ. "ನಮ್ಮ ಫ್ಯಾಕ್ಟರ್ಯಾಗ ತೂಕದ ಕಲ್ಲ ಸವಿತಾವ. ಹತ್ತಿ ಸುಳ್ಳ ಹೇಳೂದಿಲ್ಲ, ತಕ್ಕಡಿ ಸುಳ್ಳ ಹೇಳೂದಿಲ್ಲ, ಕಲ್ಲ ಸುಳ್ಳ ಹೇಳತೈತಿ. ಅದಕ್ಕ ವರ್ಷಕ್ಕೊಮ್ಮೆ ಮುದ್ರಿ ಹಾಕಿಸಬೇಕು. ಈ ಗಡಿಯಾರಕ್ಕ ಯಾರ ಮುದ್ರಿ ಹಾಕ್ಯಾರ? ಅಪ್ಪ ಇದ್ದಾಗ ಸೋಮವಾರಕ್ಕೊಮ್ಮೆ ಅವನ ಕೀಲಿ ಕೊಡತಿದ್ದ. ಈಗ ನಾ ಕೊಡತೀನಿ. ಕೈ ಬದಲಾತು. ಇದೂ ಜೋರ ಓಡಾಕತ್ತೈತಿ, ಟೇಪೂ ಜೋರ ಓಡಾಕತ್ತೈತಿ. ಇಬ್ಬರು ಸುಳ್ಳರು ಒಂದ ಮಾತ ಹೇಳಿದ್ರ ಅದು ಖರೆ ಆಗತೈತೇನು?"

ಇಷ್ಟು ಚೆಂದದ ತರ್ಕ ತಿರ್ಲಾಪುರದಲ್ಲಿ ಯಾರೂ ಕೇಳಿರಲಿಲ್ಲ. ಅಂದಾನೆಪ್ಪ ತಲೆದೂಗಿದ. ಶಂಕ್ರಪ್ಪ ಕಾಕಾ, ಹುಡುಗ ಅಣ್ಣನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೂ ಸಾರ್ಥಕ ಎಂದ. ಮಶಾಕಸಾಬ ಏನೋ ಹೇಳಲು ಬಾಯಿ ತೆರೆದು, ಮೂವರ ಮುಖ ನೋಡಿ, ಮುಚ್ಚಿದ.

ಚಹಾ ತಂದ ರೇವವ್ವ ಬಟ್ಟಲು ಇಡುತ್ತ, "ಶಂಭೂ, ಗಡಿಯಾರ ಬರೋಬರಿ ಐತೋ ಯಪ್ಪಾ. ಆ ಕ್ಯಾಸೆಟ್ಟಿನಾಗ ಏನೈತಿ ಅಂದ್ರ..." ಎಂದಳು.

"ವೈನಿ, ಇದು ಮಸಿನಿ ವಿಷಯ ಐತಿ," ಎಂದ ಶಂಕ್ರಪ್ಪ ಕಾಕಾ. "ಹೋಳಿಗಿ ಹತ್ತಿದ ವಾಸನಿ ಬರಾಕತ್ತೈತಿ ನೋಡ್ರಿ."

"ಆತಪ್ಪ," ಎಂದಳು ರೇವವ್ವ. ಮತ್ತೆ ಸೆರಗು ಬಾಯಿಗೆ ಹೋಯಿತು.

ಮೋಟರಿನ ಬೆನ್ನಿಗೆ ಒಂದು ಸಣ್ಣ ತೂತು. ಅದರೊಳಗೆ ಸಾಸಿವೆಯಷ್ಟು ಸ್ಕ್ರೂ. ಅದನ್ನು ತಿರುವಿದರೆ ಓಟ ಏರುತ್ತದೆ, ಇಳಿಯುತ್ತದೆ. ಮಶಾಕಸಾಬ ಒಲ್ಲದ ಮನಸ್ಸಿನಿಂದ ಸ್ಕ್ರೂಡ್ರೈವರು ಇಟ್ಟ. ಎಷ್ಟು ಇಳಿಸಬೇಕು ಎಂದು ಹೇಳಲು ಇನ್ನು ಗಡಿಯಾರ ಇಲ್ಲ. ನೆನಪೇ ಗತಿ. ನೆನಪು ಒಬ್ಬೊಬ್ಬರದು ಒಂದೊಂದು. "ಇನ್ನ ಇಳಸು," ಎಂದ ಅಂದಾನೆಪ್ಪ. "ಇಷ್ಟ ದಪ್ಪ ಇರಲಿಲ್ಲೋ, ನಾವು ಸಣ್ಣವರಿದ್ದಾಗ ಅಣ್ಣ ಏರಿ ಹಾಡತಿದ್ದ, ಏರಸು," ಎಂದ ಶಂಕ್ರಪ್ಪ ಕಾಕಾ. ಬ್ಯಾಟರಿ ಒಯ್ಯಲು ಬಂದ ಫಕೀರವ್ವ ಬಾಗಿಲಲ್ಲೇ ನಿಂತು, "ನನ್ನ ಮದುವಿ ಹಂದರದಾಗ ಹಾಡಿದ್ದು ನನಗ ನೆನಪೈತ್ರಿ. ಇದಕ್ಕ ಇನ್ನೊಂದೀಟು ನೆಗಡಿ ಬೇಕು," ಎಂದಳು. ಸ್ಕ್ರೂ ಅತ್ತ ತಿರುಗಿತು, ಇತ್ತ ತಿರುಗಿತು. ತಿರುಗಿ ತಿರುಗಿ ಅದರ ತಲೆಯ ಗೀರು ಸವೆದು ನುಣ್ಣಗಾಗುತ್ತ ಬಂತು.

"ಎಲ್ಲಾರೂ ಸುಮ್ಮನಿರ್ರಿ. ಶಂಭೂ, ನೀ ಮಗ. ನೀ ಹೇಳು," ಎಂದ ಅಂದಾನೆಪ್ಪ.

ಶಂಭುಲಿಂಗಪ್ಪ ಕಣ್ಣು ಮುಚ್ಚಿ ಕೂತ. ತನಗೇ ಮರೆತುಹೋಗಿದೆ ಎಂದು ಈ ನಾಲ್ವರ ಮುಂದೆ ಹೇಗೆ ಹೇಳುವುದು. ಮಶಾಕಸಾಬ ನಿಧಾನವಾಗಿ ಇಳಿಸುತ್ತ ಹೋದ. ದನಿ ಹೆಂಗಸಿನದು ದಾಟಿ, ಹುಡುಗನದು ದಾಟಿ, ಭಾರವಾಗಿ ನೆಲಕ್ಕೆ ಕೂತು, 'ಗಾಳಿ ಬಂದಾಗ ಏನ ಹಿಡಿಲಿ' ಎಂದಿತು. ಶಂಭುಲಿಂಗಪ್ಪನ ಕಣ್ಣಲ್ಲಿ ತಾನಾಗಿಯೇ ನೀರು ಬಂತು. ನೀರು ಬಂದಿದ್ದರಿಂದ ಇದೇ ಸರಿ ಇರಬೇಕು ಎಂದುಕೊಂಡ. "ಇಲ್ಲೇ," ಎಂದ. "ಇಲ್ಲೇ ಇಡ್ರಿ."

ಅವತ್ತು ಮೊದಲ ಸಲ ಪದವನ್ನು ಕೊನೆಯವರೆಗೆ ಬಿಟ್ಟರು. ಪದ ಮುಗಿಯಿತು. ತುಸು ಹೊತ್ತು ಬರೀ ಟಿಕ್ ಟಿಕ್. ಆಮೇಲೆ ಟೇಪಿನೊಳಗಿನಿಂದ ನೆಲದಡಿಯ ಗುಡುಗಿನಂಥದ್ದೊಂದು ಹೊರಟು, ಹೂಂ ಊಂ ಎಂದು ಎಳೆದಾಡಿ ನಿಂತಿತು.

"ಏನದು?" ಎಂದ ಅಂದಾನೆಪ್ಪ.

"ಎಮ್ಮಿ," ಎಂದ ಶಂಕ್ರಪ್ಪ ಕಾಕಾ, ಕಣ್ಣು ಮಿಟುಕಿಸದೆ. "ಆವಾಗ ನಿಮ್ಮ ಹಿತ್ತಲದಾಗ ಎಮ್ಮಿ ಇತ್ತಲ್ಲೋ."

"ಹೌದು, ಇತ್ತು," ಎಂದ ಶಂಭುಲಿಂಗಪ್ಪ.

ಅಷ್ಟರಲ್ಲಿ ಚಕ್ರ ಗಕ್ಕನೆ ನಿಂತಿತು. ಟೇಪಿನ ಪಟ್ಟಿ ಸರಿಯಾಗಿ ಎಮ್ಮೆಯ ಜಾಗದಲ್ಲೇ ಸಿಕ್ಕಿಕೊಂಡು ಮುದುಡಿತ್ತು. ಮಶಾಕಸಾಬ ಬಿಡಿಸಿ ನೋಡಿ, ಮುದುಡಿದ ಒಂದು ಗೇಣು ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ ಬಾಜು ಇಟ್ಟು, ಉಳಿದ ತುದಿಗಳನ್ನು ಅಂಟಿಸಿದ. "ಎಮ್ಮಿ ಹೋತ್ರಿ, ಪದ ಉಳೀತು," ಎಂದ.

ಊಟ ಆಯಿತು. ಇನ್ನೊಮ್ಮೆ ಕೇಳೋಣ ಎಂದು ಹಚ್ಚಿದಾಗ ಹೊಸ ತೊಂದರೆ ಕಂಡಿತು. ಗೋಡೆಯ ಗಡಿಯಾರ ಮುಂದೆ, ಟೇಪಿನ ಗಡಿಯಾರ ಹಿಂದೆ. ಎರಡು ಟಿಕ್ ಟಿಕ್ ಕೂಡಿ ಜಗಳಕ್ಕೆ ಬಿದ್ದು ಪದದ ಮೇಲೆ ಕಿವಿ ನಿಲ್ಲುತ್ತಿರಲಿಲ್ಲ. ಗಡಿಯಾರ ಜೋರು ಓಡುತ್ತದೆ ಎಂದು ಹೇಗೂ ತೀರ್ಮಾನ ಆಗಿತ್ತಲ್ಲ, ಸಂಜೆ ಮಂದಿ ಸೇರುವ ಮೊದಲು ಅದನ್ನೂ ದಾರಿಗೆ ತರಬೇಕು ಎಂದ ಶಂಕ್ರಪ್ಪ ಕಾಕಾ. ಮಶಾಕಸಾಬ ಲೋಲಕದ ಕೆಳಗಿನ ತಿರುಪನ್ನು ಪೂರ್ತಿ ಇಳಿಸಿದ. ಸಾಲಲಿಲ್ಲ. ಲೋಲಕಕ್ಕೆ ಕೆಳಗೆ ಇನ್ನಷ್ಟು ಭಾರ ತೂಗಬಿಟ್ಟರೆ ನಿಧಾನ ಆಗುತ್ತದೆ ಎಂದ. ಶಂಭುಲಿಂಗಪ್ಪ ಟ್ರಂಕಿನ ಕೀಲಿಕೈ ಗೊಂಚಲು ತಂದ. ಕಟ್ಟಲು ದಾರ ಹುಡುಕಿದರೆ ಕೈಗೆ ಸಿಗಲಿಲ್ಲ. ಕತ್ತರಿಸಿಟ್ಟ ಟೇಪಿನ ತುಂಡು ಅಲ್ಲೇ ಬಿದ್ದಿತ್ತು, ಶಂಭುಲಿಂಗಪ್ಪ ಅದನ್ನೇ ಎತ್ತಿಕೊಟ್ಟ. ಮಶಾಕಸಾಬ ಎರಡು ಗಂಟು ಹಾಕಿ ಬಿಗಿದ. ಕೀಲಿಕೈ ತೂಗಾಡಿದವು, ಗಡಿಯಾರ ಏದುಸಿರು ಬಿಡುತ್ತ ನಿಧಾನವಾಯಿತು. ಟೇಪು, ಗಡಿಯಾರ, ಕುಬೇರಪ್ಪ, ಮೂವರೂ ಒಂದೇ ಹೆಜ್ಜೆಗೆ ಬಂದರು. ಶಂಭುಲಿಂಗಪ್ಪನಿಗೆ ಆ ವರ್ಷದಲ್ಲೇ ಮೊದಲ ಸಲ ಮನಸ್ಸು ಹಗುರಾಯಿತು.

ಸಂಜೆ ಭಜನೆಯವರು ಬಂದರು, ಓಣಿಯವರು ಬಂದರು, ಪಡಸಾಲೆ ತುಂಬಿತು. ಗಡಿಯಾರದಲ್ಲಿ ಇನ್ನೂ ಐದು ಆಗಿರಲಿಲ್ಲ, ಶಂಭುಲಿಂಗಪ್ಪನ ಹೆಂಡತಿ ಅನ್ನವ್ವ ದೀಪ ಹಚ್ಚಿಟ್ಟಳು. "ಇಷ್ಟ ಲಗೂನ ಯಾರರ ದೀಪ ಹಚ್ಚತಾರೇನು?" ಎಂದ ಶಂಕ್ರಪ್ಪ ಕಾಕಾ. "ಕತ್ತಲಾಗಾಕತ್ತೈತಲ್ರಿ ಮಾವ," ಎಂದಳು ಅನ್ನವ್ವ. ಅವನು ಗಡಿಯಾರ ನೋಡಿ, ಹೊರಗೆ ಆಕಾಶ ನೋಡಿ, ಮೋಡ ಆಗಿದೆ ಎಂದ. ಜನವರಿಯ ತಿರ್ಲಾಪುರದ ಆಕಾಶದಲ್ಲಿ ಅಂಗೈಯಷ್ಟು ಮೋಡ ಇರಲಿಲ್ಲ.

ಶಂಭುಲಿಂಗಪ್ಪ ಗುಂಡಿ ಒತ್ತಿದ. ಆಳದ, ಸಾವಧಾನದ, ಭಾರದ ದನಿ. ಗುಂಡಿ ಇಲ್ಲದ ಅಂಗಿ ತೊಟ್ಟವನು ಗಾಳಿಯಲ್ಲಿ ನಿಂತು ಗುರುವನ್ನು ಕೇಳುತ್ತಿದ್ದ. ಅಂದಾನೆಪ್ಪನ ಕೈ ತಾನಾಗಿ ತಾಳ ಹುಡುಕಿಕೊಂಡಿತು. ಭಜನೆಯವರು ಸೊಲ್ಲು ಹಿಡಿದರು. ಹಿಂದೆ ಯಾರೋ ಬಿಕ್ಕಿದರು. ಶಂಭುಲಿಂಗಪ್ಪ ನಾಚಿಕೆ ಬಿಟ್ಟು ಅತ್ತ. ಮರೆತುಹೋಗಿದ್ದು ಸಿಕ್ಕಿತು, ಇನ್ನು ಎಂದೂ ಕಳೆಯುವುದಿಲ್ಲ ಎಂದು ಅತ್ತ. ಮೂರು ಸಲ ಹಚ್ಚಿಸಿದರು. ಮೂರನೆಯ ಸಲ ಮುಗಿದ ಮೇಲೆ ಅಂದಾನೆಪ್ಪ ಕಣ್ಣೊರೆಸಿಕೊಂಡು, "ಬದುಕಿದ್ದಾಗೂ ಕುಬೇರಪ್ಪ ಇಷ್ಟ ಚಲೋ ಎಂದೂ ಹಾಡಿದ್ದಿಲ್ಲ ನೋಡ್ರಿ," ಎಂದ.

ಬಾಗಿಲಲ್ಲಿ ನಿಂತಿದ್ದ ರೇವವ್ವ ಈ ಸಲ ಸೆರಗು ಮುಚ್ಚಿಕೊಳ್ಳಲಿಲ್ಲ. ನೆಲ ನೋಡುತ್ತ ನಿಂತಳು.

ಅದೇ ಹೊತ್ತಿಗೆ ಊರ ಹೊರಗೆ ಬಸ್ಸು ಹಾರ್ನು ಹೊಡೆಯಿತು. ಶಂಕ್ರಪ್ಪ ಕಾಕಾ ಗಡಿಯಾರ ನೋಡಿದ. ಐದೂಕಾಲು. "ಇದ್ಯಾವ ಬಸ್ಸು ಈಗ?"

"ಆರೂವರಿದ್ರಿ," ಎಂದಳು ಫಕೀರವ್ವ. "ದಿನಾ ಹೋಗೂದ. ಹೋತಲ್ಲರಿ."

ಶಂಕ್ರಪ್ಪ ಕಾಕಾ ಚೀಲ ಹಿಡಿದು ಓಡಿದ. ಬಸ್ಸಿನ ಧೂಳನ್ನಷ್ಟೇ ನೋಡಿಕೊಂಡು ಮರಳಿ ಬಂದ. ಅಷ್ಟರಲ್ಲಿ ಮಂದಿ ಕರಗಿದ್ದರು. ಅಂದಾನೆಪ್ಪ, ಮಶಾಕಸಾಬ, ಫಕೀರವ್ವ ಉಳಿದಿದ್ದರು. "ನಾಳಿ ಕಣದಾಗ ಹನ್ನೆರಡ ಆಳ ಬಂದ ನಿಂದರ್ತಾವ," ಎಂದು ಅವನು ಏದುತ್ತ ಗಡಿಯಾರಕ್ಕೆ ಕೈ ಮಾಡಿದ. "ಈ ಸುಡುಗಾಡ ಗಡಿಯಾರ. ಇದನ್ನ ಕಿತ್ತ ಒಗಿ ಶಂಭೂ."

"ಗಡಿಯಾರಕ್ಕ ಬೈಬ್ಯಾಡೋ ಶಂಕ್ರಪ್ಪ," ಎಂದಳು ರೇವವ್ವ. ಈಗ ಅವಳು ಬಾಗಿಲು ದಾಟಿ ಪಡಸಾಲೆಗೆ ಬಂದಿದ್ದಳು. "ಮುಂಜಾನಿ ಅದು ಬರೋಬರಿ ಇತ್ತು. ಟೇಪೂ ಬರೋಬರಿ ಇತ್ತು. ಆ ದನಿ ನಂದು."

ಮಶಾಕಸಾಬ ಮೆಲ್ಲಗೆ, ತನಗಷ್ಟೇ ಕೇಳುವ ಹಾಗೆ, "ಮಸಿನಿ ಅಂದಿತ್ತು," ಎಂದ.

"ನೀನೂ ಅನ್ನವ್ವನೂ ಅಕಿ ತವರಮನಿಗಿ ತೊಟ್ಟಿಲ ಕಾರ್ಯಕ್ಕ ಹೋಗಿದ್ರಿ ನೋಡು, ಆವಾಗ," ಎಂದಳು ರೇವವ್ವ ಮಗನಿಗೆ. "ಆ ಪದ ಕೇಳಿ ಕೇಳಿ ನನಗೂ ಬಂದಿತ್ತು. ರೊಟ್ಟಿ ಬಡೀಕೋತ ಅಂದಕೋತಿದ್ದೆ. ನಿಮ್ಮಪ್ಪ ಕೇಳಿಬಿಟ್ರು. ನನ್ನ ದನಿ ಊರೆಲ್ಲಾ ಕೇಳೈತಿ, ನಿನ್ನ ದನಿ ಈ ಒಲಿ ಒಂದ ಕೇಳೈತಿ, ಬಾ ಇಲ್ಲಿ ಅಂದ್ರು. ಟ್ರಂಕಿನಾಗಿಂದ ಕ್ಯಾಸೆಟ್ಟು ತಂದ್ರು. ನಿಮ್ಮ ಪದ ಅಳಿಸಿ ಹೋಗತೈತಲ್ರಿ ಅಂದೆ. ಹೋಗಲಿ ಬಿಡು, ನಾ ದಿನಾ ಹಾಡತೀನಲ್ಲ ಅಂದ್ರು. ಕೆಂಪ ಗುಂಡಿ ಒತ್ತೇಬಿಟ್ರು."

ಶಂಭುಲಿಂಗಪ್ಪ ತಾಯಿಯ ಕಡೆ ತಿರುಗಿದ. "ಮತ್ತ ಮುಂಜಾನಿ ಹೇಳಬಾರದೇನ ಯವ್ವಾ?"

"ಎರಡ ಸಲ ಹೇಳಾಕ ಬಂದೆ. ಎರಡೂ ಸಲ ಒಲಿ ಕಡೆ ಕಳಿಸಿದ್ರಿ. ಆಮ್ಯಾಲ ಸಂಜಿಕ ಎಲ್ಲಾರೂ ಅಷ್ಟ ಪ್ರೀತಿಲೆ ಅಳಾಕತ್ತಿದ್ರಿ, ನಡುವ ಹೆಂಗ ಹೇಳಲಿ. ಅದೂ ಅಲ್ಲದ ಅವರ ಅಂದಿದ್ರು, ಯಾರ ಮುಂದೂ ಹೇಳಬ್ಯಾಡ ಅಂತ."

"ಯಾವಾಗ ಅಂದಿದ್ದ?"

"ಪದ ಮುಗದ ಮ್ಯಾಲ. ಅದೂ ಕ್ಯಾಸೆಟ್ಟಿನಾಗ ಬಂದೈತಿ, ನೀವು ಕೇಳಿರಬೇಕಲ್ಲ." ರೇವವ್ವ ತುಸು ನಾಚಿದಳು. "ರೇವೀ, ನನಕಿಂತ ನೀನ ಚಲೋ ಹಾಡಿದಿ, ಯಾರ ಮುಂದೂ ಹೇಳಬ್ಯಾಡ ಅಂದ್ರು."

ಎಲ್ಲರ ಕಣ್ಣೂ ಮೊದಲು ಶಂಕ್ರಪ್ಪ ಕಾಕಾನ ಕಡೆ ಹೋದವು. ಆಮೇಲೆ ಒಟ್ಟಿಗೇ ಗಡಿಯಾರಕ್ಕೆ ಹೋದವು. ಅಲ್ಲಿ ಕಂದು ಬಣ್ಣದ ಪಟ್ಟಿಗೆ ಜೋತುಬಿದ್ದ ಕೀಲಿಕೈ ಗೊಂಚಲು ಅತ್ತಿತ್ತ ತೂಗುತ್ತಿತ್ತು.

ಶಂಭುಲಿಂಗಪ್ಪ ಸ್ಟೂಲು ಹತ್ತಿ ಗಂಟನ್ನು ಉಗುರಿನಿಂದ ಬಿಡಿಸಿದ. ಸಂಜೆಯತನಕ ಭಾರ ಹೊತ್ತ ಪಟ್ಟಿ ಜಗ್ಗಿ ಜಗ್ಗಿ ಸಣ್ಣಗಾಗಿ ಸುರುಳಿ ಸುತ್ತಿತ್ತು. ಮಶಾಕಸಾಬ ಅದನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ. "ಇದು ಇನ್ನ ದಾರ ಆತ್ರಿ ಶಂಭಣ್ಣಾರ," ಎಂದ. ತಾಯಿಯ ದನಿಯನ್ನಾದರೂ ಇದ್ದ ಹಾಗೆ ಕೇಳೋಣ ಎಂದು ಮೋಟರಿನ ಸ್ಕ್ರೂ ತಿರುವಲು ಹೋದರೆ ಅದರ ತಲೆ ಬೋಳಾಗಿತ್ತು. ಸ್ಕ್ರೂಡ್ರೈವರು ಜಾರಿತು.

ಶಂಕ್ರಪ್ಪ ಕಾಕಾ ಗೋಡೆಗೆ ಒರಗಿ ಕುಸಿದು ಕೂತ. "ಎಮ್ಮಿ ಅಂದೆ," ಎಂದ. "ಒಡಹುಟ್ಟಿದ ಅಣ್ಣಗ ಎಮ್ಮಿ ಅಂದೆ."

ರೇವವ್ವನಿಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಗಿರಗು ಏನೂ ಇಲ್ಲದೆ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಂಡಳು. ಮುಂಜಾನೆಯಿಂದ ಅವಳ ಭುಜ ಯಾಕೆ ಅಲುಗುತ್ತಿತ್ತು ಎಂದು ಅಂದಾನೆಪ್ಪನಿಗೆ ಆಗ ತಿಳಿಯಿತು.

"ಯವ್ವಾ, ನೀ ಒಮ್ಮೆ ಹಾಡು," ಎಂದ ಶಂಭುಲಿಂಗಪ್ಪ.

"ಒಲಿ ಮ್ಯಾಲ ಸಾರ ಐತಿ." ರೇವವ್ವ ಸ್ವಲ್ಪ ಯೋಚನೆ ಮಾಡಿದಳು. "ಶಂಕ್ರಪ್ಪ ಒಲಿ ಮುಂದ ಕುಂತರ ಹಾಡತೀನಿ."

ಶಂಕ್ರಪ್ಪ ಕಾಕಾ ಎದ್ದು ಒಳಗೆ ಹೋದ. ರೇವವ್ವ ಗಡಿಯಾರದ ಕೆಳಗೆ, ಗಂಡ ಕೂಡುತ್ತಿದ್ದ ಜಾಗದಲ್ಲಿ ಕೂತು ಪದ ಎತ್ತಿಕೊಂಡಳು. ಅಂದಾನೆಪ್ಪ ತಾಳ ಹಾಕಿದ. 'ಗಾಳಿ' ಎನ್ನುವಲ್ಲಿ ಅವಳು ಗಂಡನ ಹಾಗೇ ಎಳೆದು, ಗಂಡನ ಹಾಗೇ ತುಸು ತಡೆದಳು. ಆ ತಡೆದ ಜಾಗದಲ್ಲಿ ಅಪ್ಪನ ದನಿ ಈಗ ಬರುತ್ತದೆ, ಇಗೋ ಬಂತು ಎಂದು ಶಂಭುಲಿಂಗಪ್ಪ ಕಣ್ಣು ಮುಚ್ಚಿ ಕಾದ. ಬರಲಿಲ್ಲ. ಅವ್ವನದೇ ಬಂತು. ಅದನ್ನೇ ಕೇಳುತ್ತ ಕೂತ.

ಎಲ್ಲರೂ ಹೋದ ಮೇಲೆ ಅವನು ಮತ್ತೆ ಸ್ಟೂಲು ಹತ್ತಿ, ಆ ಗೇಣುದ್ದದ ಪಟ್ಟಿಯನ್ನು ಲೋಲಕಕ್ಕೇ ಕಟ್ಟಿ ಕೀಲಿಕೈ ತೂಗಬಿಟ್ಟ. ಟ್ರಂಕಿನೊಳಗೆ ಮುಚ್ಚಿಡಲು ಮನಸ್ಸಾಗಲಿಲ್ಲ. ಮುಳ್ಳು ತಿರುವಿ ಸರಿಯಾದ ಹೊತ್ತಿಗೆ ಇಟ್ಟು ಮಲಗಿದ. ಬೆಳಗಾಗುವಷ್ಟರಲ್ಲಿ ಗಡಿಯಾರ ಎರಡು ತಾಸು ಹಿಂದೆ ಬಿದ್ದಿತ್ತು. ಅದನ್ನೇ ನಂಬಿ ಹೊರಟವನು ಫ್ಯಾಕ್ಟರಿ ಮುಟ್ಟಿದಾಗ ಹತ್ತಿಯ ಗಾಡಿಗಳು ಗೇಟಿನಿಂದ ರಸ್ತೆಯವರೆಗೆ ಸಾಲು ನಿಂತಿದ್ದವು.

"ಯಾಕೋ ಶಂಭುಲಿಂಗಪ್ಪ, ಇಷ್ಟ ತಡಾ?" ಎಂದ ಮ್ಯಾನೇಜರ.

"ನಮ್ಮಪ್ಪ ಹಿಡಕೊಂಡ ಕುಂತಿದ್ದನ್ರಿ."

ಮ್ಯಾನೇಜರ ಹೋದ ವರ್ಷ ಕುಬೇರಪ್ಪನ ಮಣ್ಣಿಗೆ ಬಂದು ಹೋದವನು. ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಮತ್ತೆ ಕಾಗದಕ್ಕೆ ತಲೆ ತಗ್ಗಿಸಿದ.

"ನಾಳಿ ತುಸು ಲಗೂನ ಬಿಡಿಸಿಕೊಂಡ ಬಾ," ಎಂದ.